ಲಾವಂಚದ ಹುಲ್ಲು ಮತ್ತು ನಮ್ಮ ಎರೆಹೊಲ

ಲಾವಂಚವೆಂದೊಡನೆ ನಮ್ಮ ನೆನಪಿಗೆ ಬರುವುದು ಬೇರು. ಬೇಸಗೆಯಲ್ಲಿ ನೀರಿನ ಗಡಿಗೆಯೊಳಗೆ ಹಾಕುವ ಬೇರಿನ ಕಟ್ಟು, ಅತ್ತರಿನ ಅಂಗಡಿಯ ಸಣ್ಣ ಶೀಸೆ, ಖಸ್ ಶರಬತ್ತಿನ ಹಸುರು ಬಣ್ಣ, ಕೂಲರಿಗೆ ಕಟ್ಟುವ ಪರದೆ, ಇಷ್ಟರಲ್ಲಿ ನಮ್ಮ ಪರಿಚಯವು ಮುಗಿಯುತ್ತದೆ. ನಮ್ಮ ಜಿಲ್ಲೆಯು ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲದಲ್ಲಿ ದೊಡ್ಡ ಕಚೇರಿಗಳ ಬಾಗಿಲು ಕಿಟಕಿಗಳಿಗೆ ಖಸ್ ತಟ್ಟಿಗಳನ್ನು ಕಟ್ಟಿ ನೀರು ಚಿಮುಕಿಸುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಒಂದು ದಿನ ತರಗತಿಯ ಬಿಡುವಿನಲ್ಲಿ ಹತ್ತು ಹನ್ನೆರಡು ಮಂದಿ ಸಹಪಾಠಿಗಳನ್ನು, "ಈ ಬೇರಿನ ಮೇಲೆ ಬೆಳೆಯುವುದು ಏನು?" ಎಂದು ಕೇಳಿದೆನು. ಒಬ್ಬರು ಬಳ್ಳಿಯೆಂದರು, ಒಬ್ಬರು ಪೊದೆಯೆಂದರು, ಮತ್ತೊಬ್ಬರು ಗಂಧದ ಜಾತಿಯ ಮರವಿರಬೇಕೆಂದರು. ಹುಲ್ಲು ಎಂದವರು ಒಬ್ಬರೂ ಇಲ್ಲ. ನಾಲ್ಕು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಹೀಗೆಯೇ ಏನಾದರೊಂದನ್ನು ಹೇಳುತ್ತಿದ್ದೆನು.

ನಾನು ಕಲಾವಿಭಾಗದ ವಿದ್ಯಾರ್ಥಿ, ಸಸ್ಯಶಾಸ್ತ್ರವನ್ನು ಓದಿದವನಲ್ಲ. ಹೀಗಿರಲು ಹುಲ್ಲಿನ ವಿಷಯವಾಗಿ ಬರೆಯಹೊರಟಿದ್ದೇಕೆಂದು ವಾಚಕರು ಕೇಳಬಹುದು. ಸೇಡಂ ತಾಲ್ಲೂಕಿನ ಆಡಕಿಯಲ್ಲಿ ನಮ್ಮ ಮನೆತನದ ಹೊಲವಿದೆ. ಆ ಹೊಲದ ಒಂದು ಬದುವೇ ನನಗೆ ಈ ಪಾಠವನ್ನು ಕಲಿಸಿತು. ಆದುದರಿಂದ ಮೊದಲು ಬದುವಿನ ಸಂಗತಿಯನ್ನು ಹೇಳಿ, ಅನಂತರ ಹುಲ್ಲಿಗೆ ಬರುತ್ತೇನೆ.

ನಮ್ಮ ಹೊಲವು ಎರೆಭೂಮಿ. ಹಳ್ಳದ ಕಡೆಗೆ ಸಣ್ಣಗೆ ಇಳಿಜಾರಾಗಿದೆ. ಮೇಲಿನ ಭಾಗ ನಮ್ಮ ತಂದೆಯವರದು, ಕೆಳಗಿನ ಭಾಗ ಕಾಕಾನದು. ನಡುವೆ ಒಂದು ಮಣ್ಣಿನ ಬದು. ಮುಂಗಾರಿನಲ್ಲಿ ದೊಡ್ಡ ಮಳೆ ಬಂದಾಗಲೆಲ್ಲ ಈ ಬದು ಒಂದಲ್ಲ ಒಂದು ಕಡೆ ಒಡೆಯುತ್ತಿತ್ತು. ಒಡೆದ ಬಾಯಿಯಿಂದ ನುಗ್ಗಿದ ನೀರು ಕಾಕಾನ ತೊಗರಿಯನ್ನು ಕೊಚ್ಚಿ, ಹೊಲದ ನಡುವೆ ಕೊರಕಲು ಮಾಡಿ ಹಳ್ಳಕ್ಕೆ ಇಳಿಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಬದುವನ್ನು ಮತ್ತೆ ಕಟ್ಟಬೇಕು. ಕಟ್ಟುವಾಗ ಒಂದು ವರ್ಷ ಅದು ಒಂದು ಮೊಳ ಕೆಳಕ್ಕೆ, ಇನ್ನೊಂದು ವರ್ಷ ಒಂದು ಮೊಳ ಮೇಲಕ್ಕೆ ಸರಿಯುತ್ತಿತ್ತು. ಬೇಕೆಂದು ಸರಿಸಿದರೋ, ತಾನಾಗಿ ಸರಿಯಿತೋ ಹೇಳುವವರಿಲ್ಲ. ಗುರುತಿನ ಬಾಂದಗಲ್ಲು ಯಾವಾಗಲೋ ಹೂಳಿನಲ್ಲಿ ಮುಚ್ಚಿಹೋಗಿತ್ತು. ಇದರಿಂದ ಮಾತಿಗೆ ಮಾತು ಬೆಳೆದು, ಒಂದು ವರ್ಷವಿಡೀ ಎರಡು ಮನೆಗಳ ನಡುವೆ ಮಾತೇ ಇರಲಿಲ್ಲ. ಒಂದೇ ಓಣಿಯಲ್ಲಿದ್ದು ಹಬ್ಬದ ದಿನ ಹೋಳಿಗೆ ಕೊಡದೆ ಇರುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯವರೆಲ್ಲ ಬಲ್ಲರು.

ಎರೆಮಣ್ಣಿನ ಬದು ಹೀಗೆ ಒಡೆಯುವುದು ನಮ್ಮೊಬ್ಬರ ಹೊಲದ ವಿಶೇಷವಲ್ಲ. ಅದು ಆ ಮಣ್ಣಿನ ಗುಣ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಬಹಳ. ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ನಮ್ಮ ಹೊಲಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಬದುವೂ ಅದೇ ಮಣ್ಣಿನದಾದುದರಿಂದ ಅದೂ ಬಿರುಕು ಬಿಡುತ್ತದೆ. ಮೊದಲನೆಯ ದೊಡ್ಡ ಮಳೆಯ ನೀರು ಆ ಬಿರುಕಿನಲ್ಲಿ ನುಸುಳಿ, ಬದುವಿನ ಹೊಟ್ಟೆಯಲ್ಲಿ ಬಿಲ ಮಾಡಿ, ಕಡೆಗೆ ಅದನ್ನು ಕೆಡವುತ್ತದೆ. ಬದು ಗಟ್ಟಿಯಾಗಿ ನಿಂತಿತೆನ್ನೋಣ; ಆಗ ಮತ್ತೊಂದು ತೊಂದರೆ. ಉಬ್ಬಿದ ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲವಾಗಿ, ಬದುವಿನ ಮೇಲ್ಗಡೆ ದಿನಗಟ್ಟಲೆ ನೀರು ನಿಲ್ಲುತ್ತದೆ. ತೊಗರಿಯು ನಿಂತ ನೀರನ್ನು ತಾಳುವ ಬೆಳೆಯಲ್ಲ. ಬುಡ ಕೊಳೆತು ಹಳದಿಯಾಗಿ ಸಾಯುತ್ತದೆ. ಬಳ್ಳಾರಿ, ವಿಜಯಪುರ ಜಿಲ್ಲೆಗಳ ಎರೆಭೂಮಿಯಲ್ಲಿ ಕಟ್ಟಿದ ಸಮಪಾತಳಿಯ ಬದುಗಳಿಗೂ ಇದೇ ಗತಿಯಾಯಿತು. ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನ ಕೇಂದ್ರವು ಸ್ಥಾಪಿತವಾದ ಮೇಲೆ ಈ ಭೂಮಿಯ ಸಮಸ್ಯೆಗಳ ಶಾಸ್ತ್ರೀಯ ಅಧ್ಯಯನ ನಡೆಯುತ್ತ ಬಂದಿದೆ. ಆಳವಾದ ಎರೆಗೆ ನೀರನ್ನು ಪೂರ್ತಿ ತಡೆದು ನಿಲ್ಲಿಸುವ ಬದು ಹೊಂದದೆಂಬುದು ಈಗ ಒಪ್ಪಿತವಾದ ಮಾತು. ನೀರನ್ನು ತಡೆಯಲೂ ಬೇಕು, ಹೋಗಗೊಡಲೂ ಬೇಕು. ಮಣ್ಣನ್ನು ಮಾತ್ರ ಬಿಡಬಾರದು. ಇಂಥ ಬದು ಯಾವುದು?

ಹೋಗುವ ಮಣ್ಣಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಒಂದು ಎಕರೆ ಎಂದರೆ ಸುಮಾರು ೪,೦೪೭ ಚದರ ಮೀಟರು. ಅದರ ಮೇಲಿನಿಂದ ಕೇವಲ ಒಂದು ಮಿಲಿಮೀಟರು ದಪ್ಪದ ಮಣ್ಣು ತೊಳೆದುಹೋದರೆ ೪ ಘನಮೀಟರು ಮಣ್ಣು ಹೋದಂತಾಯಿತು. ಘನಮೀಟರಿಗೆ ೧.೩ ಟನ್ನು ಎಂದು ಹಿಡಿದರೆ ತೂಕ ೫ ಟನ್ನಿಗೂ ಮಿಕ್ಕಿತು. ಒಂದು ಮಿಲಿಮೀಟರು ಹೋದುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದನ್ನೇ ಬಂಡಿಯಲ್ಲಿ ತುಂಬಿ ಯಾರಾದರೂ ಒಯ್ಯುತ್ತಿದ್ದರೆ ನಾವು ಕೋಲು ಹಿಡಿದು ಓಡುತ್ತಿದ್ದೆವು! ಮಳೆಗಾಲದಲ್ಲಿ ಮಳಖೇಡದ ಕೋಟೆಯ ಬಳಿ ನಿಂತು ಕಾಗಿಣೆಯ ಹೊನಲನ್ನು ನೋಡಿದವರಿಗೆ ಆ ನೀರಿನ ಬಣ್ಣವೇ ಸಾಕ್ಷಿ. ನಮ್ಮ ಹೊಲಗಳ ಮೇಲ್ಮಣ್ಣು ಕಾಗಿಣೆಯಿಂದ ಭೀಮೆಗೆ, ಭೀಮೆಯಿಂದ ಕೃಷ್ಣೆಗೆ ಸಾಗಿಹೋಗುತ್ತಲೇ ಇದೆ. ೨೦೧೯ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಬೇಳೆಯ ಗುಣವು ಬಂದಿರುವುದು ಹೀಗೆ ಹೋಗುತ್ತಿರುವ ಮಣ್ಣಿನಿಂದಲೇ ಅಲ್ಲವೆ?

ಪಿ.ಯು.ಸಿ. ಓದುತ್ತಿದ್ದಾಗ ವಾಚನಾಲಯದಲ್ಲಿ ಒಂದು ಕೃಷಿಯ ಪುಸ್ತಕವನ್ನು ತಿರುವಿಹಾಕುತ್ತಿದ್ದೆನು. ಅದರಲ್ಲಿ ನಮ್ಮ ರಾಜ್ಯದ ದಕ್ಷಿಣದ ತುದಿಯಲ್ಲಿರುವ ಗುಂಡ್ಲುಪೇಟೆಯ ಉಲ್ಲೇಖ ಬಂದಿತು. ಅಲ್ಲಿಯ ರೈತರು ನೂರು ವರ್ಷಕ್ಕೂ ಮಿಕ್ಕಿ ತಮ್ಮ ಹೊಲಗಳ ಮೇರೆಗೆ ಲಾವಂಚದ ಹುಲ್ಲನ್ನು ಬೇಲಿಯಂತೆ ನೆಟ್ಟುಕೊಂಡು ಬಂದಿದ್ದಾರೆ. ಯಾವ ಇಲಾಖೆಯೂ ಅವರಿಗೆ ಹೇಳಿಕೊಟ್ಟುದಲ್ಲ. ಹೊಲದ ಗಡಿ ಗುರುತಿಗೆಂದು ಅವರೇ ಕಂಡುಕೊಂಡ ಉಪಾಯ. ಗಡಿಗಾಗಿ ನೆಟ್ಟ ಹುಲ್ಲು ಮಣ್ಣನ್ನೂ ಹಿಡಿದು ನಿಲ್ಲಿಸಿತು. ಗಡಿಯ ಜಗಳವನ್ನೂ ಮಣ್ಣಿನ ನಷ್ಟವನ್ನೂ ಒಟ್ಟಿಗೆ ಕಂಡಿದ್ದ ನನಗೆ ಈ ಎರಡು ಸಾಲುಗಳನ್ನು ಓದಿದಾಗ ನಮ್ಮ ಬದುವೇ ಕಣ್ಣೆದುರಿಗೆ ಬಂದಿತು.

ಇನ್ನು ಹುಲ್ಲಿನ ಪರಿಚಯಕ್ಕೆ ಬರೋಣ. ಕನ್ನಡದಲ್ಲಿ ಇದಕ್ಕೆ ಲಾವಂಚ, ಲಾಮಂಚ, ಮುಡಿವಾಳ ಎಂಬ ಹೆಸರುಗಳುಂಟು. ತಮಿಳಿನಲ್ಲಿ ವೆಟ್ಟಿವೇರ್, ತೆಲುಗಿನಲ್ಲಿ ವಟ್ಟಿವೇರು. ತಮಿಳು ಹೆಸರಿಗೆ ಅಗೆದು ತೆಗೆದ ಬೇರೆಂದು ಅರ್ಥ ಹೇಳುವರು. ಉರ್ದು, ಹಿಂದಿಗಳಲ್ಲಿ ಖಸ್. ಇಲ್ಲೊಂದು ಸ್ವಾರಸ್ಯವಿದೆ. ಸಂಸ್ಕೃತದ ಅಮರಕೋಶದಲ್ಲಿ ಹುಲ್ಲಿಗೆ ವೀರಣವೆಂದೂ ಅದರ ಬೇರಿಗೆ ಉಶೀರವೆಂದೂ ಬೇರೆ ಬೇರೆ ಹೆಸರು ಹೇಳಿದೆ. ಅಂದರೆ ಹಿಂದಿನವರು ಹುಲ್ಲನ್ನೂ ಕಂಡಿದ್ದರು, ಬೇರನ್ನೂ ಕಂಡಿದ್ದರು. ಬರಬರುತ್ತ ಉಶೀರದ ಕೀರ್ತಿ ಹೆಚ್ಚಿತು, ವೀರಣವು ಮರೆತುಹೋಯಿತು. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದಲ್ಲಿ ತಾಪದಿಂದ ಬಳಲಿದ ಶಕುಂತಲೆಗೆ ಸಖಿಯರು ಉಶೀರದ ಲೇಪ ಹಚ್ಚುತ್ತಾರೆ. ಆಯುರ್ವೇದದಲ್ಲಿ ಜ್ವರದ ದಾಹಕ್ಕೆ ಕೊಡುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಉಶೀರವೂ ಒಂದು. ಅಕ್ಬರನ ಕಾಲದಲ್ಲಿ ಬಿದಿರಿನ ಚೌಕಟ್ಟಿಗೆ ಖಸ್ ತುಂಬಿ ತಂಪಾದ ಮನೆಗಳನ್ನು ಮಾಡುತ್ತಿದ್ದುದನ್ನು ಅಬುಲ್ ಫಜಲನು ಐನ್-ಎ-ಅಕ್ಬರಿಯಲ್ಲಿ ಹೇಳಿದ್ದಾನೆ. ಎಲ್ಲೆಲ್ಲೂ ಬೇರಿನದೇ ಮಾತು!

ಸಸ್ಯಶಾಸ್ತ್ರಜ್ಞರಲ್ಲಿ ಇದನ್ನು ಮೊದಲು ೧೭೭೧ರಲ್ಲಿ ಲಿನೇಯಸನು ವರ್ಣಿಸಿದನು. ಬಹುಕಾಲ ವೆಟಿವೇರಿಯ ಜಿಜಾನಿಯಾಯ್ಡಿಸ್ ಎಂಬ ಹೆಸರು ಬಳಕೆಯಲ್ಲಿತ್ತು. ನಮ್ಮ ತಮಿಳು ನೆರೆಯವರ ಮಾತೇ ಲ್ಯಾಟಿನ್ ವೇಷ ತೊಟ್ಟುದು ಹೀಗೆ. ಈಗ ಕ್ರೈಸೊಪೋಗಾನ್ ಜಿಜಾನಿಯಾಯ್ಡಿಸ್ ಎಂದು ಕರೆಯುವರು. ಜೋಳವೂ ಕಬ್ಬೂ ಇದರ ಹತ್ತಿರದ ಸಂಬಂಧಿಗಳು. ಆದರೆ ಜೋಳವು ಒಂದು ಬೆಳೆಗೆ ಮುಗಿಯುತ್ತದೆ, ಲಾವಂಚವು ಬಹುವಾರ್ಷಿಕ; ಒಮ್ಮೆ ನೆಟ್ಟರೆ ದಶಕಗಳ ಕಾಲ ಬಾಳುತ್ತದೆ. ಒಂದೇ ಬುಡದಿಂದ ಹತ್ತಾರು ತೆಂಡೆಗಳು ಒತ್ತೊತ್ತಾಗಿ ಎದ್ದು, ಆಳೆತ್ತರ ಬೆಳೆದು, ನೆಟ್ಟಗೆ ನಿಲ್ಲುತ್ತವೆ. ಎಲೆ ಕಿರಿದು, ಉದ್ದ, ಅಂಚು ಒರಟು. ಬೇರುಗಳು ಪಕ್ಕಕ್ಕೆ ಹೆಚ್ಚು ಹರಡದೆ ನೇರವಾಗಿ ಕೆಳಕ್ಕೆ ಇಳಿಯುವುದು ಇದರ ಮುಖ್ಯ ಲಕ್ಷಣ. ಒಳ್ಳೆಯ ಮಣ್ಣಿನಲ್ಲಿ ಅವು ೩ ಮೀಟರಿನವರೆಗೂ ಹೋಗುವುವು. ಹೀಗೆ ಆಳಕ್ಕೆ ಇಳಿಯುವುದರಿಂದಲೇ ಬೇಸಗೆಯಲ್ಲಿ ಮೇಲಿನ ಎಲೆ ಒಣಗಿದರೂ ಬುಡ ಸಾಯುವುದಿಲ್ಲ. ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಬರವನ್ನೂ ನೆರೆಯನ್ನೂ ಒಟ್ಟಿಗೆ ತಾಳುವ ಗಿಡಗಳು ಕಡಮೆ. ನಮ್ಮ ಎರೆಹೊಲವು ಒಂದೇ ವರ್ಷದಲ್ಲಿ ಎರಡನ್ನೂ ಕಾಣುತ್ತದೆ.

ಸಸಿಗಳನ್ನು ತರಿಸುವ ಮಾತೆತ್ತಿದಾಗ ಮೊದಲು ಅಡ್ಡಿ ಹೇಳಿದವರು ನನ್ನ ಮುತ್ಯಾ. "ಹೊಲದಾಗಿನ ಹುಲ್ಲು ಕೀಳೂದ್ರಾಗ ನಮ್ಮ ಜೀವ ಹೋಗ್ಯಾದ. ನೀ ರೊಕ್ಕಾ ಕೊಟ್ಟು ಹುಲ್ಲು ತಂದು ಹಚ್ತಿ ಏನೋ ತಮ್ಮಾ?" ಎಂದರು. ಇದು ಕರಿಕೆಯಂತೆ ಹರಿಯುವುದಿಲ್ಲವೆಂದು ಪುಸ್ತಕದಲ್ಲಿದೆಯೆಂದೆನು. "ಪುಸ್ತಕದಾಗ ಬರದಿದ್ದು ಹುಲ್ಲಿಗಿ ಓದಾಕ ಬರ್ತದೇನು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮುತ್ಯಾನ ಅಂಜಿಕೆ ಸುಳ್ಳಲ್ಲ. ಎರೆಹೊಲದಲ್ಲಿ ಕರಿಕೆ ಹೊಕ್ಕರೆ ಒಂದು ತಲೆಮಾರು ಕಳೆದರೂ ಹೋಗದು. ಆದರೆ ಕರಿಕೆಯ ಸ್ವಭಾವವೇ ಬೇರೆ. ಅದು ನೆಲದ ಮೇಲೆ ಕುಡಿಬಳ್ಳಿಯನ್ನೂ ನೆಲದೊಳಗೆ ಗೆಡ್ಡೆಬೇರನ್ನೂ ಚಾಚಿ, ಗಿಣ್ಣುಗಿಣ್ಣಿಗೆ ಬೇರೂರುತ್ತ ಹರಿಯುತ್ತದೆ. ಲಾವಂಚಕ್ಕೆ ಇಂಥ ಕುಡಿಬಳ್ಳಿಗಳಿಲ್ಲ. ಇನ್ನುಳಿದುದು ಬೀಜದ ಮಾತು. ಲಾವಂಚದಲ್ಲಿ ಎರಡು ಬಗೆಗಳುಂಟು. ಉತ್ತರ ಹಿಂದೂಸ್ಥಾನದ ನದೀಬಯಲುಗಳಲ್ಲಿ ತಾನಾಗಿ ಬೆಳೆಯುವ ಕಾಡು ಬಗೆಯು ಹೂಬಿಟ್ಟು ಬೀಜ ಕಟ್ಟುತ್ತದೆ. ದಕ್ಷಿಣದಲ್ಲಿ ತಲೆತಲಾಂತರದಿಂದ ಜನರು ಬುಡ ಸೀಳಿ ನೆಟ್ಟು ಬೆಳೆಸಿದ ಬಗೆಯಲ್ಲಿ ಮೊಳೆಯುವ ಬೀಜ ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಬದುವಿಗೆ ನೆಡುವವರು ದಕ್ಷಿಣದ ಬಗೆಯನ್ನೇ ಕೇಳಿ ತರಬೇಕು. ಇದನ್ನು ಮರೆತರೆ ಮುತ್ಯಾನ ಮಾತೇ ನಿಜವಾದೀತು.

ಈ ದಕ್ಷಿಣದ ಬಗೆಯು ಲೋಕವನ್ನೆಲ್ಲ ಸುತ್ತಿದ ಕತೆಯನ್ನೂ ಹೇಳಬೇಕು. ಸುಗಂಧ ತೈಲಕ್ಕಾಗಿ ಇದು ಹಿಂದೆಯೇ ಜಾವಾ, ರಿಯೂನಿಯನ್, ಹೈಟಿ ದ್ವೀಪಗಳಿಗೆ ಹೋಗಿತ್ತು. ಮಣ್ಣಿನ ರಕ್ಷಣೆಗೆ ೧೯೫೦ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ಹೊಲಗಳಲ್ಲಿ ಜಾನ್ ಗ್ರೀನ್‌ಫೀಲ್ಡರು ಇದನ್ನು ನೆಡಿಸಿದರು. ೧೯೮೦ರ ದಶಕದಲ್ಲಿ ಅವರೂ ರಿಚರ್ಡ್ ಗ್ರಿಮ್‌ಷಾ ಎಂಬವರೂ ವಿಶ್ವಬ್ಯಾಂಕಿನ ಪರವಾಗಿ ಹಿಂದೂಸ್ಥಾನದಲ್ಲಿ ಕೆಲಸ ಮಾಡುತ್ತ ಇದನ್ನು ಜಲಾನಯನದ ಕಾಮಗಾರಿಗಳಲ್ಲಿ ಪ್ರಚಾರಕ್ಕೆ ತಂದರು. ನಮ್ಮ ರಾಜ್ಯದ ಕಬ್ಬಾಳನಾಲಾ ಜಲಾನಯನವೂ ಅವುಗಳಲ್ಲಿ ಒಂದು. ೧೯೯೩ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು ಈ ಹುಲ್ಲೊಂದರ ಮೇಲೆಯೇ ಪುಸ್ತಕವನ್ನು ಹೊರಡಿಸಿತು. ಥೈಲೆಂಡಿನಲ್ಲಿ ದೊರೆ ಭೂಮಿಬೋಲರು ಇದರ ಪ್ರಚಾರವನ್ನು ಕೈಗೊಂಡರು. ೧೯೯೬ರಲ್ಲಿ ಅಲ್ಲಿಯ ಚಿಯಾಂಗ್ ರೈ ನಗರದಲ್ಲಿ ಲಾವಂಚದ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಬೇರೆ ಬೇರೆ ದೇಶಗಳಲ್ಲಿ ಬೆಳೆಸುವ ಲಾವಂಚವನ್ನು ವಂಶಾಂಶಗಳ ಮೂಲಕ ಪರೀಕ್ಷಿಸಿದಾಗ ಅದರ ಬಹುಭಾಗವು ಒಂದೇ ಬುಡದ ಸಂತತಿಯೆಂದು ತಿಳಿದುಬಂದಿತು. ದಕ್ಷಿಣ ಹಿಂದೂಸ್ಥಾನದ ರೈತರು ಸೀಳಿ ನೆಟ್ಟ ಹುಲ್ಲು ಹೀಗೆ ಸಮುದ್ರಗಳನ್ನು ದಾಟಿತು. ಗುಂಡ್ಲುಪೇಟೆಯಿಂದ ಸೇಡಮಿಗೆ ಮಾತ್ರ ಅದಕ್ಕೆ ದಾರಿ ಸಿಕ್ಕಲಿಲ್ಲ!

ಬದುವಾಗಿ ಈ ಹುಲ್ಲು ಕೆಲಸ ಮಾಡುವ ಬಗೆ ಹೇಗೆ? ಒತ್ತಾಗಿ ಬೆಳೆದ ಸಾಲು ಹರಿದುಬರುವ ನೀರಿನ ವೇಗವನ್ನು ತಗ್ಗಿಸುತ್ತದೆ. ಒಂದೆಡೆ ನುಗ್ಗುವ ನೀರು ಸಾಲಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ವೇಗ ತಗ್ಗಿದ ನೀರು ತಾನು ಹೊತ್ತು ತಂದ ಮಣ್ಣನ್ನು ಸಾಲಿನ ಮೇಲ್ಗಡೆ ಇಳಿಸಿ, ತೆಂಡೆಗಳ ಸಂದಿಯಿಂದ ಸೋಸಿದಂತೆ ಮೆಲ್ಲನೆ ಕೆಳಗಿಳಿಯುತ್ತದೆ. ಅಂದರೆ ಇದು ಗೋಡೆಯಲ್ಲ, ಜರಡಿ. ನೀರು ದಿನಗಟ್ಟಲೆ ನಿಲ್ಲುವುದಿಲ್ಲ. ಬಿರುಕು ಬಿಡಲು ಇಲ್ಲಿ ಮಣ್ಣಿನ ಕಟ್ಟೆಯೇ ಇಲ್ಲ. ಹೂಳು ತುಂಬಿದಂತೆಲ್ಲ ಹುಲ್ಲು ಹೂಳಿನೊಳಗಿನ ಗಿಣ್ಣಿನಿಂದ ಹೊಸ ಬೇರು ಬಿಟ್ಟು ಮೇಲೇಳುತ್ತದೆ. ವರ್ಷಗಳು ಕಳೆದಂತೆ ಮೇಲ್ಗಡೆಯ ನೆಲ ಮಟ್ಟಸವಾಗಿ, ಮೆಟ್ಟಿಲಿನ ಆಕಾರ ತಾಳುತ್ತದೆ. ಎರೆಭೂಮಿಗೆ ಬೇಕಾದ ಬದು ಇಂಥದೇ.

ಈಗ ನೆಡುವ ಕ್ರಮವನ್ನು, ನಾನು ಓದಿದ ಹಾಗೂ ಮಾಡಿನೋಡಿದ ರೀತಿಯಲ್ಲಿ, ಹೇಳುತ್ತೇನೆ. ಹಳೆಯ ಬುಡವನ್ನು ಸಲಿಕೆಯಿಂದ ಅಗೆದು ತೆಗೆದು, ಎರಡು ಮೂರು ತೆಂಡೆಗಳ ತುಂಡುಗಳಾಗಿ ಸೀಳಬೇಕು. ಎಲೆಯನ್ನು ಬುಡದಿಂದ ೨೦ ಸೆಂಟಿಮೀಟರು, ಬೇರನ್ನು ೧೦ ಸೆಂಟಿಮೀಟರು ಉಳಿಸಿ ಕತ್ತರಿಸಬೇಕು. ಹೀಗೆ ಕತ್ತರಿಸುವುದರಿಂದ ನೀರು ಆರುವುದು ಕಡಮೆಯಾಗಿ ಸಸಿ ಬೇಗ ಹಿಡಿಯುತ್ತದೆ. ಸಸಿಯನ್ನು ಬಿಸಿಲಿಗೆ ಬಿಡದೆ ಹಸಿಯ ಗೋಣಿಯಲ್ಲಿ ಸುತ್ತಿಡಬೇಕು. ಸಾಲು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿರಬೇಕು. ಮಟ್ಟ ನೋಡಲು ದೊಡ್ಡ ಯಂತ್ರಗಳೇನೂ ಬೇಡ. ಪರಸಿ ಹಾಸುವಾಗ ನಮ್ಮ ಗೌಂಡಿಗಳು ಹಿಡಿಯುವ ನೀರು ತುಂಬಿದ ಪೈಪು ಸಾಕು. ಒಂದು ಸಾಲಿಗೂ ಮುಂದಿನ ಸಾಲಿಗೂ ನೆಲದ ಎತ್ತರದಲ್ಲಿ ೧ ಮೀಟರಿನ ವ್ಯತ್ಯಾಸವಿದ್ದರೆ ಒಳ್ಳೆಯದು. ನೂರಕ್ಕೆ ಎರಡರ ಇಳಿಜಾರಿನಲ್ಲಿ ಇದು ೫೦ ಮೀಟರಿಗೊಂದು ಸಾಲಾಯಿತು. ನೂರಕ್ಕೆ ಒಂದರ ಇಳಿಜಾರಿನಲ್ಲಿ ೧೦೦ ಮೀಟರಿಗೊಂದು. ಸಣ್ಣ ಹಿಡುವಳಿಯವರಿಗೆ ಹೊಲದ ಕೆಳಗಿನ ಅಂಚಿನ ಒಂದು ಸಾಲೇ ಸಾಕಾಗಬಹುದು.

ಮಳೆ ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ, ನಮ್ಮಲ್ಲಿ ಆಷಾಢದ ಹೊತ್ತಿಗೆ, ನೆಡಬೇಕು. ಒಂದು ಸಾಲು ಹೊಡೆದು, ೧೦ರಿಂದ ೧೫ ಸೆಂಟಿಮೀಟರಿಗೊಂದರಂತೆ ಸಸಿಯಿಟ್ಟು, ಬುಡದ ಮಣ್ಣನ್ನು ಕಾಲಿನಿಂದ ಬಿಗಿಯಾಗಿ ಮೆಟ್ಟಬೇಕು. ದೂರ ದೂರ ನೆಟ್ಟು ಸಸಿ ಉಳಿಸಿದೆವೆಂದುಕೊಳ್ಳುವುದು ತಪ್ಪು. ಸಂದಿಯಿದ್ದರೆ ನೀರು ಅಲ್ಲಿಯೇ ನುಗ್ಗುತ್ತದೆ. ಮೊದಲ ವರ್ಷ ಎರಡು ಸಲ ಕಳೆ ತೆಗೆಯಬೇಕು, ಸತ್ತ ಸಸಿಯ ಜಾಗದಲ್ಲಿ ಹೊಸದನ್ನು ನೆಡಬೇಕು. ವರ್ಷಕ್ಕೆ ಎರಡು ಮೂರು ಬಾರಿ ಕುಡುಗೋಲಿನಿಂದ ಮೊಣಕಾಲೆತ್ತರಕ್ಕೆ ಕೊಯ್ದರೆ ತೆಂಡೆಗಳು ಹೆಚ್ಚಿ ಸಾಲು ದಟ್ಟವಾಗುತ್ತದೆ. ಎಳೆಯ ಎಲೆಯನ್ನು ದನಗಳು ತಿನ್ನುತ್ತವೆ. ಬಲಿತ ಎಲೆ ಒರಟಾಗುವುದರಿಂದ ಅದು ಹೊದಿಕೆಗೆ, ಮುಚ್ಚಿಗೆಗೆ ಆದೀತು. ಎಲ್ಲವೂ ಸರಿಯಾಗಿ ನಡೆದರೆ ಎರಡು ಮೂರು ಮಳೆಗಾಲಗಳಲ್ಲಿ ಸಂದಿಯಿಲ್ಲದ ಬೇಲಿಯಾಗುತ್ತದೆ. ಗುಂಡ್ಲುಪೇಟೆಯವರು ಉಳುವಾಗ ಸಾಲಿನ ಎರಡೂ ಮಗ್ಗುಲಿಗೆ ಒತ್ತಿ ನೇಗಿಲು ಹೊಡೆದು ಬೇಲಿಯನ್ನು ಅಗಲವಾಗಗೊಡದೆ ಇಟ್ಟುಕೊಳ್ಳುತ್ತಾರೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಕಡೆಯ ಒಂದು ಸಸ್ಯಕ್ಷೇತ್ರದಿಂದ ೬೦೦ ತೆಂಡೆಗಳನ್ನು ತರಿಸಿದೆನು. ಕುಣಿಗೆ ಎರಡರಂತೆ ೩೦೦ ಕುಣಿ. ಅರ್ಧ ಅಡಿಗೊಂದರಂತೆ ೧೫೦ ಅಡಿ ಬದು. ನಮ್ಮ ಬದು ಇಳಿಜಾರಿಗೆ ಅಡ್ಡವಾಗಿಯೇ ಇದ್ದುದು ಒಂದು ಅನುಕೂಲವಾಯಿತು. ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಸಸಿಗಳು ಬಂದು ಐದಾರು ದಿನ ಪಡಸಾಲೆಯಲ್ಲಿ ಬಿದ್ದುವು. ಕಡೆಯಲ್ಲಿ ನೆಟ್ಟವು ಒಣಗಿದ್ದುವು. ಅಲ್ಲದೆ ತೊಗರಿಯನ್ನು ಬದುವಿಗೆ ಒತ್ತಿ ಬಿತ್ತಿದ್ದುದರಿಂದ, ತೊಗರಿ ಎದೆಯೆತ್ತರ ಬೆಳೆದಾಗ ಎಳೆಯ ಸಾಲು ನೆರಳಿಗೆ ಸಿಕ್ಕಿತು. ಲಾವಂಚವು ಎಲ್ಲವನ್ನೂ ತಾಳುತ್ತದೆ, ನೆರಳೊಂದನ್ನು ತಾಳುವುದಿಲ್ಲ. ಸಾಲಿನ ಪೂರ್ವದ ತುದಿಯಲ್ಲಿ ನಲವತ್ತಕ್ಕೂ ಮಿಕ್ಕಿ ಕುಣಿಗಳು ಸತ್ತುವು. ಎರಡನೆಯ ವರ್ಷದ ದೊಡ್ಡ ಮಳೆಯಲ್ಲಿ ನೀರು ಅಲ್ಲಿಯೇ ಬಾಯಿ ಮಾಡಿಕೊಂಡು ಕಾಕಾನ ಹೊಲಕ್ಕೆ ಇಳಿಯಿತು. ಮುತ್ಯಾ ಏನೂ ಅನ್ನಲಿಲ್ಲ. ಅನ್ನದಿದ್ದುದೇ ನನಗೆ ಹೆಚ್ಚು ನಾಚಿಕೆಯಾಯಿತು.

ಮಳೆ ನಿಂತ ಮೇಲೆ ನಾನೊಬ್ಬನೇ ಬದುವಿಗೆ ಹೋಗಿ, ಹಿಡಿದು ಬೆಳೆದ ಬುಡಗಳಿಂದ ತೆಂಡೆ ಸೀಳಿ ಸಂದಿಯನ್ನು ತುಂಬುತ್ತಿದ್ದೆನು. ಕಾಕಾ ತನ್ನ ಹೊಲದಿಂದ ನೋಡುತ್ತ ನಿಂತಿದ್ದನು. ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಬಂದು, ಸಾಲು ಹಿಡಿದ ಕಡೆ ಮೇಲ್ಗಡೆ ಕುಳಿತು ಹೂಳಿಗೆ ಬೆರಳಿಟ್ಟು ಅಳೆದನು. ನಾಲ್ಕು ಬೆರಳು ಮಣ್ಣು ನಿಂತಿತ್ತು. "ಇಷ್ಟು ಮಣ್ಣು ನನ್ನ ಹೊಲದ ಮ್ಯಾಲ ಹಾದು ಹಳ್ಳಕ್ಕ ಹೋಗ್ತಿತ್ತೇನೋ?" ಎಂದನು. ಮಾತು ಬಿಟ್ಟ ಮೇಲೆ ಅವನು ನನ್ನೊಡನೆ ಆಡಿದ ಮೊದಲನೆಯ ಮಾತು ಅದು. ಆಮೇಲೆ, "ನೀ ತೆಂಡಿ ಸೀಳು, ನಾ ಮೆಟ್ಟತೀನಿ" ಎಂದು ಜೋಡು ಕಳಚಿಟ್ಟನು. ಸಾಲು ಎಲ್ಲಿಂದ ಎಲ್ಲಿಗೆ ಎಂಬುದನ್ನು ಆ ದಿನ ಅವನೇ ನೋಡಿ ಒಪ್ಪಿದನು. ಮಣ್ಣಿನ ಬದುವನ್ನು ಒಂದು ಇರುಳಿನಲ್ಲಿ ಸರಿಸಬಹುದು. ಆಳೆತ್ತರದ ಬೇರು ಬಿಟ್ಟ ಹುಲ್ಲನ್ನು ಯಾರಿಗೂ ತಿಳಿಯದಂತೆ ಸರಿಸಲಾಗದು. ಮೂರನೆಯ ಮಳೆಗಾಲದಲ್ಲಿ ಬದು ಒಡೆಯಲಿಲ್ಲ.

ಬೇರನ್ನು ಅಗೆದು ಮಾರಿದರೆ ಹಣ ಬರುವುದಲ್ಲವೆ, ಎಂದು ಒಬ್ಬ ಮಿತ್ರರು ಕೇಳಿದರು. ಬರುವುದು. ಬೇರಿನಿಂದ ಭಟ್ಟಿಯಿಳಿಸಿದ ತೈಲಕ್ಕೆ ಸುಗಂಧದ ಉದ್ಯಮದಲ್ಲಿ ಒಳ್ಳೆಯ ಬೇಡಿಕೆಯಿದೆ. ಲಖನೌದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ತೈಲಕ್ಕೆಂದೇ ಧಾರಿಣಿ, ಗುಲಾಬಿ, ಕೇಸರಿ ಮೊದಲಾದ ತಳಿಗಳನ್ನು ಹೊರತಂದಿದೆ. ಆದರೆ ತೈಲದ ಬೆಳೆಯೇ ಬೇರೆ, ಬದುವಿನ ಬೆಳೆಯೇ ಬೇರೆ. ಬೇರು ತೆಗೆಯಲು ಇಡೀ ಬುಡವನ್ನು ಅಗೆಯಬೇಕು. ಬದುವಿನಲ್ಲಿ ಹಾಗೆ ಅಗೆದರೆ ಸಡಿಲವಾದ ಮಣ್ಣು ಮೊದಲಿಗಿಂತ ಬೇಗ ಕೊಚ್ಚಿಹೋಗುವುದು. ತೈಲಕ್ಕಾಗಿ ಬೆಳೆಯುವವರು ಮರಳು ಮಿಶ್ರಿತ, ಮಟ್ಟಸವಾದ ಬೇರೆ ನೆಲದಲ್ಲಿ ಬೆಳೆಯಲಿ. ಜಿಗುಟು ಎರೆಯಿಂದ ಬೇರನ್ನು ಬಿಡಿಸುವುದೂ ಸುಲಭವಲ್ಲ. ನಾವು ಬೇರಿನ ಪರಿಮಳಕ್ಕೆ ಮರುಳಾಗಿ ಹುಲ್ಲನ್ನು ಮರೆತವರು. ಬದುವಿನಲ್ಲಿ ಬೇರಿಗೆ ಬೆಲೆಯಿರುವುದು ಅದು ನೆಲದೊಳಗಿರುವವರೆಗೆ ಮಾತ್ರ.

ಈ ಹುಲ್ಲಿನಿಂದ ಎಲ್ಲ ಕಷ್ಟವೂ ತೀರುವುದೆಂದು ಹೇಳುವವನು ನಾನಲ್ಲ. ಆಳವಾದ ಕೊರಕಲು ಬಿದ್ದಲ್ಲಿ ಕಲ್ಲಿನ ತಡೆ ಬೇಕೇ ಬೇಕು. ಮೇಲಿನ ಹೊಲದ ನೀರೆಲ್ಲ ಒಂದೇ ಕಡೆ ನುಗ್ಗುವಲ್ಲಿ ಒಬ್ಬನೇ ಒಂದು ಸಾಲು ನೆಟ್ಟರೆ ಸಾಲದು. ಇಳಿಜಾರಿನ ಮೇಲಿನವರೂ ಕೆಳಗಿನವರೂ ಕೂಡಿ ನೆಡಬೇಕು. ಟ್ರಾಕ್ಟರಿನಿಂದ ಇಳಿಜಾರಿನುದ್ದಕ್ಕೂ ಉಳುವ ರೂಢಿ ಈಗ ಹೆಚ್ಚುತ್ತಿದೆ. ಅದು ನೀರಿಗೆ ತಾನಾಗಿ ಕಾಲುವೆ ತೋಡಿಕೊಟ್ಟಂತೆ. ಅಡ್ಡಲಾಗಿ ಉಳದಿದ್ದರೆ ಹುಲ್ಲಿನ ಸಾಲಿನ ಕೆಲಸ ಅರ್ಧಕ್ಕರ್ಧ ಹಾಳು. ಕಳೆನಾಶಕವನ್ನು ಸಿಂಪಡಿಸುವಾಗಲೂ ಎಚ್ಚರ ಬೇಕು. ಲಾವಂಚವೂ ಹುಲ್ಲೇ ಆದುದರಿಂದ, ಹುಲ್ಲನ್ನು ಕೊಲ್ಲುವ ಔಷಧಿ ಅದನ್ನೂ ಕೊಲ್ಲುವುದು. ತೊಗರಿಯನ್ನು ಸಾಲಿನಿಂದ ಒಂದು ಗಜವಾದರೂ ದೂರ ಬಿತ್ತುವುದು ಮೊದಲ ಎರಡು ವರ್ಷ ಅಗತ್ಯ.

ನಮ್ಮ ಕಾಲೇಜಿಗೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹೊಲವುಳ್ಳ ಮನೆಯವರು. ವಾಡಿ, ಶಹಾಬಾದಿನ ಕಡೆಯವರ ಊರುಗಳಲ್ಲಿ ಪರಸಿಯ ಗಣಿ, ಸಿಮೆಂಟಿನ ಗಣಿಗಳುಂಟು. ಅಲ್ಲಿ ಗಣಿಯ ಮಣ್ಣಿನ ಗುಡ್ಡೆಗಳು ಮಳೆಗೆ ಕರಗಿ ಹೊಲಗಳಿಗಿಳಿಯುವುದನ್ನು ಅವರು ಕಂಡಿರಬಹುದು. ಇಂಥ ಗುಡ್ಡೆಗಳನ್ನೂ ರಸ್ತೆಯ ಏರಿಗಳನ್ನೂ ಹಿಡಿದು ನಿಲ್ಲಿಸಲು ಹಲವು ದೇಶಗಳಲ್ಲಿ ಲಾವಂಚವನ್ನೇ ನೆಡುತ್ತಾರೆ. ಕಾಲೇಜಿನ ಆವರಣದ ಒಂದು ಮೂಲೆಯಲ್ಲಿ, ಬಿಸಿಲು ಬೀಳುವ ಕಡೆ, ಹತ್ತು ಹೆಜ್ಜೆಯ ಒಂದು ಮಡಿಯಿದ್ದರೆ ಸಾಕು. ಒಂದು ಬುಡವನ್ನು ವರ್ಷಾಂತ್ಯದಲ್ಲಿ ಅಗೆದರೆ ಹತ್ತಿಪ್ಪತ್ತು ಸಸಿಗಳಾಗುತ್ತವೆ. ಸಸಿಗಾಗಿ ಮುಂದೆ ಯಾರೂ ಬೆಂಗಳೂರಿನವರೆಗೆ ಬರೆಯಬೇಕಾಗಿಲ್ಲ. ಗುರುಗಳು ಒಪ್ಪಿದರೆ ಬರುವ ಆಷಾಢದಲ್ಲಿ ನಮ್ಮ ಬದುವಿನಿಂದ ಐವತ್ತು ತೆಂಡೆಗಳನ್ನು ತಂದುಕೊಡಲು ಸಿದ್ಧನಿದ್ದೇನೆ. ಕಾಕಾ ಈಗಾಗಲೇ ನೂರು ತೆಂಡೆ ಕೇಳಿದ್ದಾನೆ. ಹಳ್ಳದ ದಂಡೆಯ ತನ್ನ ಇನ್ನೊಂದು ಮೇರೆಗೆ ಬೇಕಂತೆ. ಮೊದಲು ಅವನ ಪಾಲು, ಆಮೇಲೆ ಕಾಲೇಜಿನದು.